ಈಗಲ್ ಮೌಂಟನ್ ದಾರಿಯಲ್ಲಿ ಅಪ್ಪ ಕೇಳಿದ್ದು

ಪರಿಸರ ಪರಿಣಾಮ ವರದಿ ಸಿದ್ಧಪಡಿಸುವುದು ನನ್ನ ಹೊಟ್ಟೆಪಾಡು. ಕ್ಯಾಲಿಫೋರ್ನಿಯಾದಲ್ಲಿ ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು ನನ್ನ ಮೇಜಿನ ಮೇಲೆ ಒಂದು ತೀರ್ಪಿನ ಪ್ರತಿ ಇಟ್ಟು, ಇದನ್ನು ಓದದೆ ಒಂದು ಸಾಲೂ ಬರೆಯಬೇಡ ಎಂದಿದ್ದರು. ಅದು ಈಗಲ್ ಮೌಂಟನ್ ಕಸದ ಪ್ರಕರಣ. ತೀರ್ಪು ಬಾಯಿಪಾಠವಾದರೂ ಆ ಜಾಗವನ್ನು ಕಣ್ಣಾರೆ ಕಂಡಿರಲಿಲ್ಲ. ಚಳಿಗಾಲದಲ್ಲಿ ಚಳ್ಳಕೆರೆಯಿಂದ ಅಪ್ಪ ಬಂದಾಗ ಇಬ್ಬರೂ ಹೊರಟೆವು.

ಇಂಡಿಯೊ ದಾಟಿ ಪೂರ್ವಕ್ಕೆ ಸಾಗಿ, ಡೆಸರ್ಟ್ ಸೆಂಟರ್ ಬಳಿ ಹೆದ್ದಾರಿ ಬಿಟ್ಟು ಕೈಸರ್ ರಸ್ತೆ ಹಿಡಿದರೆ ಎರಡೂ ಬದಿಗೆ ಕ್ರಿಯೊಸೋಟ್ ಗಿಡಗಳ ಬಯಲು. ಮುಂದೆ ಬೇಲಿ, ಮುಚ್ಚಿದ ಗೇಟು. ಅದರಾಚೆ ಪಾಳುಬಿದ್ದ ಊರು, ಬೆಟ್ಟದಷ್ಟೆತ್ತರ ಸುರಿದ ಗಣಿಕಲ್ಲು. 1948ರಿಂದ 1980ರ ದಶಕದ ಆರಂಭದವರೆಗೆ ಕೈಸರ್ ಕಂಪನಿ ಇಲ್ಲಿ ಕಬ್ಬಿಣದ ಅದಿರು ತೆಗೆಯಿತು. ಗಣಿ ನಿಂತ ಮೇಲೆ ಉಳಿದ ಭಾರೀ ಗುಂಡಿಗಳನ್ನು ದಕ್ಷಿಣ ಕ್ಯಾಲಿಫೋರ್ನಿಯಾದ ಕಸದಿಂದ ತುಂಬಿಸುವ ಯೋಜನೆ ಹುಟ್ಟಿತು. ದಿನಕ್ಕೆ 20,000 ಟನ್‌ವರೆಗೆ, 117 ವರ್ಷಗಳ ಕಾಲ, ಹೆಚ್ಚಾಗಿ ರೈಲಿನಲ್ಲಿ. ಜಾಗದ ಮೂರು ದಿಕ್ಕಿಗೂ ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನ.

ಗುಂಡಿಗಳು ಕಂಪನಿಯವು, ಆದರೆ ಸುತ್ತಲಿನ ನೆಲ ಸಾರ್ವಜನಿಕರದು. ಅದಕ್ಕಾಗಿ ಆ ನೆಲ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ 3,481 ಎಕರೆಯನ್ನು ಕಂಪನಿಗೆ ಕೊಟ್ಟು, ಬದಲಿಗೆ 2,846 ಎಕರೆಯನ್ನೂ 20,100 ಡಾಲರನ್ನೂ ಪಡೆಯಲು ಒಪ್ಪಿತು. ಅಪ್ಪ ಬೆರಳು ಮಡಿಚಿ ಲೆಕ್ಕ ಹಾಕಿದರು. "ಕಸ ಸುರಿದು ದುಡ್ಡು ಮಾಡುವ ನೆಲಕ್ಕೆ ಇಷ್ಟೇ ಬೆಲೆಯೇನವ್ವಾ?" ಎಂದರು. ನ್ಯಾಯಾಲಯ ಹಿಡಿದ ತಪ್ಪುಗಳಲ್ಲಿ ಅದೂ ಒಂದು: ಬೆಲೆ ಕಟ್ಟುವಾಗ ಲ್ಯಾಂಡ್‌ಫಿಲ್ ಆಗಿ, ಅಂದರೆ ಕಸ ಹೂಳುವ ಜಾಗವಾಗಿ, ಆ ನೆಲಕ್ಕಿರುವ ಬೆಲೆಯನ್ನು ಪರಿಗಣಿಸಿರಲೇ ಇಲ್ಲ.

ನನ್ನನ್ನು ಹೆಚ್ಚು ಕಾಡುವುದು ಈ ಯೋಜನೆಯ ಪರಿಸರ ಪರಿಣಾಮ ವರದಿಯ ಮೊದಲ ಅಧ್ಯಾಯ. ಯೋಜನೆಯ ಉದ್ದೇಶವನ್ನು ಹೇಳುವ ಭಾಗ ಅದು. ಅವಸರದಲ್ಲಿ ಎಲ್ಲರೂ ಹಾರಿಸಿ ಓದುವ ಭಾಗ. ಗಣಿಯಿಂದ ದೀರ್ಘಕಾಲದ ಆದಾಯ, ಗಣಿ ತ್ಯಾಜ್ಯಕ್ಕೊಂದು ಲಾಭದ ಬಳಕೆ ಎಂದೆಲ್ಲ ಕಂಪನಿಯ ಬಯಕೆಗಳನ್ನೇ ಅಲ್ಲಿ ಉದ್ದೇಶವೆಂದು ಬರೆದಿದ್ದರು. ಉದ್ದೇಶ ಹಾಗಿದ್ದ ಮೇಲೆ, ವರದಿ ಹೋಲಿಸಿ ನೋಡಬೇಕಾದ ಪರ್ಯಾಯಗಳು ಬೇರೆ ಎಲ್ಲಿಂದ ಬರಬೇಕು? ಪರಿಶೀಲಿಸಿದ ಪರ್ಯಾಯಗಳು ಬಹುತೇಕ ಇದೇ ಜಾಗದ ಸುತ್ತ ಸುತ್ತಿದವು: ಕಸ ಸ್ವಲ್ಪ ಕಡಿಮೆ, ರೈಲು ಮಾತ್ರ, ರಸ್ತೆ ಬೇರೆ. ಉತ್ತರ ಮೊದಲೇ ಗೊತ್ತಿರುವಂತೆ ಪ್ರಶ್ನೆ ಹಾಕುವುದು ಅನ್ಯಾಯ. ಸುಳ್ಳು ಅಂಕಿ ಬರೆಯುವುದಕ್ಕಿಂತ ಇದು ಅಪಾಯಕಾರಿ ಎಂದೇ ನಾನು ನಂಬುತ್ತೇನೆ, ಏಕೆಂದರೆ ಇಲ್ಲಿ ಪ್ರತಿ ಅಂಕಿಯೂ ಸರಿಯಾಗಿರಬಹುದು.

ಇನ್ನೊಂದು ದೋಷ ಸಾರಜನಕದ್ದು. ಬೇಲಿಯ ಪಕ್ಕ ಕೂತು ಅಪ್ಪನಿಗೆ ಅದನ್ನು ವಿವರಿಸಿದೆ. ಈ ಮಣ್ಣಿನಲ್ಲಿ ಪೋಷಕಾಂಶ ತೀರಾ ಕಡಿಮೆ. ಇಲ್ಲಿನ ಗಿಡಗಳು ಆ ಬಡತನಕ್ಕೇ ಒಗ್ಗಿವೆ. ಕಸದ ಜೊತೆ ಬರುವ ಪೋಷಕಾಂಶ ಗಾಳಿಯಲ್ಲಿ ಹರಡಿ ಮಣ್ಣಿಗಿಳಿದರೆ? ನಾನು ಮುಗಿಸುವ ಮೊದಲೇ ಅಪ್ಪ, "ಯೂರಿಯಾ ಹೆಚ್ಚಾದ ಹೊಲದಲ್ಲಿ ಮೊದಲು ಏಳುವುದು ಕಳೆ" ಎಂದರು. ನಲವತ್ತು ವರ್ಷ ಶೇಂಗಾ ಬೆಳೆದವರು. ಈ ಮರುಭೂಮಿಯಲ್ಲಿ ಆಗುವುದೂ ಅದೇ: ಹೊರಗಿನಿಂದ ಬಂದ ಹುಲ್ಲು ದಟ್ಟವಾಗಿ ಹಬ್ಬುತ್ತದೆ, ಒಣಗುತ್ತದೆ, ಬೆಂಕಿಗೆ ಗಿಡದಿಂದ ಗಿಡಕ್ಕೆ ದಾರಿ ಮಾಡಿಕೊಡುತ್ತದೆ. ಬೆಂಕಿಯೊಡನೆ ಬಾಳಿ ಗೊತ್ತಿಲ್ಲದ ಜೋಶುವಾ ಮರಗಳು ಸುಟ್ಟುಹೋಗುತ್ತವೆ. ವರದಿಯಲ್ಲಿ ಈ ವಿಷಯ ಗಾಳಿಯ ಅಧ್ಯಾಯದಲ್ಲೊಂದು ಚೂರು, ಬೇರೆಡೆ ಇನ್ನೊಂದು ಚೂರಾಗಿ ಹರಿದು ಹಂಚಿಹೋಗಿತ್ತು. ಬಿಗ್‌ಹಾರ್ನ್ ಎಂಬ ಕಾಡುಕುರಿಗಳ ಬಗೆಗಿನ ಚರ್ಚೆ ಸಾಕೆಂದು ಒಪ್ಪಿದ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಇದನ್ನು ಮಾತ್ರ ಒಪ್ಪಲಿಲ್ಲ. ತೀರ್ಪು ಬಂದದ್ದು 2009ರಲ್ಲಿ. ಹತ್ತಿರದ ಜೊಜೊಬಾ ಬೆಳೆಗಾರ ದಂಪತಿ ಮತ್ತು ಉದ್ಯಾನಗಳ ಪರ ಕೆಲಸ ಮಾಡುವ ಸಂಘಟನೆ ಗೆದ್ದವು. 2011ರಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿ ಕೈಗೆತ್ತಿಕೊಳ್ಳಲಿಲ್ಲ. 2013ರಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಕಸ ವಿಲೇವಾರಿ ನೋಡಿಕೊಳ್ಳುವ ‘ನೈರ್ಮಲ್ಯ ಜಿಲ್ಲೆಗಳು’ ಎಂಬ ಸಂಸ್ಥೆಗಳು ಯೋಜನೆಯಿಂದ ಹಿಂದೆ ಸರಿದವು.

ಅಪ್ಪನಿಗೆ ಚಳ್ಳಕೆರೆ ನೆನಪಾಗಿತ್ತು. ಕುರಿ, ದನ ಮೇಯುತ್ತಿದ್ದ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಹುಲ್ಲುಗಾವಲನ್ನು ರಕ್ಷಣಾ, ಅಣು ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹಂಚಿದ ಕಥೆ. "ಅಲ್ಲಿಯೂ ಖಾಲಿ ಜಾಗವೆಂದೇ ಹೇಳಿದ್ದರು. ನಮ್ಮ ಕುರಿಗಳು ಗಾಳಿ ತಿಂದು ಬೆಳೆದವೇ?" ಎಂದಾಗ ಅವರ ದನಿ ಏರಿತ್ತು.

ಹಿಂದಿರುಗುವಾಗ ಅವರು ಕೇಳಿದರು: "ಸರಿ, ಹಾಗಾದರೆ ಆ ಕಸ ಎಲ್ಲಿಗೆ ಹೋಯಿತು?" ಅದೇ ನೈರ್ಮಲ್ಯ ಜಿಲ್ಲೆಗಳು ದಕ್ಷಿಣದ ಇಂಪೀರಿಯಲ್ ಕೌಂಟಿಯಲ್ಲಿ ಮೆಸ್ಕೀಟ್ ಎಂಬ ಇನ್ನೊಂದು ಲ್ಯಾಂಡ್‌ಫಿಲ್ ಕಟ್ಟಿಸಿವೆ, ಅದೂ ಮರುಭೂಮಿಯೇ, ಅಲ್ಲಿಗೂ ರೈಲಿನಲ್ಲೇ ಕಸ ಸಾಗಿಸುವ ಯೋಜನೆ, ನಗರದ ಕಸದ ಪ್ರಮಾಣವೇ ಕಡಿಮೆಯಾದದ್ದರಿಂದ ಆ ರೈಲು ಹೊರಡಲಿಲ್ಲ ಎಂದೆ. ಅಪ್ಪ ಸ್ವಲ್ಪ ಹೊತ್ತು ಬಿಟ್ಟು, "ಅದರ ವರದಿಯ ಮೊದಲ ಅಧ್ಯಾಯ ಓದಿದ್ದೀಯಾ?" ಎಂದರು. ಇಲ್ಲ ಎಂದೆ. ಅಂದು ರಾತ್ರಿ ಇಬ್ಬರೂ ಕೂತು ಅದನ್ನು ಓದತೊಡಗಿದೆವು.