ಯೀಸ್ಟಿಗೆ ಬಿಸಿ ಮುಟ್ಟಿಸುವ ಪ್ರಯೋಗ: ಮೂರನೆಯ ವಾರ

ಮೊದಲ ಎರಡು ವಾರ ದಂಡವೆಂದುಕೊಂಡಿದ್ದೆ. ಅಂಗಡಿಯ ಒಣ ಯೀಸ್ಟನ್ನು ನೀರಿನಲ್ಲಿ ಕದಡಿ ಎರಡು ಪಾಲು ಮಾಡುವುದು, ಒಂದನ್ನು ಮುಕ್ಕಾಲು ಗಂಟೆ 38 ಡಿಗ್ರಿಯಲ್ಲಿ ಬೆಚ್ಚಗಿಡುವುದು, ಬಳಿಕ ಎರಡನ್ನೂ ಹತ್ತು ನಿಮಿಷ 50 ಡಿಗ್ರಿಯ ನೀರಿಗೆ ಇಳಿಸುವುದು. ಬಿಸಿಯ ರುಚಿ ಮೊದಲೇ ಕಂಡ ಪಾಲು ಹೆಚ್ಚು ಬದುಕಬೇಕಿತ್ತು. ಎರಡೂ ಒಂದೇ ಸಮನೆ ಬದುಕಿದವು.

ತಪ್ಪು ನನ್ನದೇ. ಪೊಟ್ಟಣದ ಯೀಸ್ಟ್ ಒಣಗುವ ಮೊದಲೇ ಟ್ರೆಹಲೋಸ್ ಎಂಬ ಸಕ್ಕರೆ ತುಂಬಿಕೊಂಡು ಗಟ್ಟಿಯಾಗಿರುತ್ತದೆ. ಅದಕ್ಕೆ ನಾನು ಕಲಿಸುವುದೇನೂ ಉಳಿದಿರಲಿಲ್ಲ.

ಹಾಗಾಗಿ ಈ ಸಲ ಮೊದಲು ಮುದ್ದು ಮಾಡಿ ಕೆಡಿಸಿದೆ. ಆಲೂಗಡ್ಡೆ ಬೇಯಿಸಿದ ನೀರಿಗೆ ಗ್ಲೂಕೋಸ್ ಬೆರೆಸಿ, ಚಿಟಿಕೆ ಯೀಸ್ಟ್ ಹಾಕಿ ಆರು ಗಂಟೆ ಬೆಳೆಸಿದೆ. ಗ್ಲೂಕೋಸ್ ಧಾರಾಳವಾಗಿದ್ದಾಗ ಎಂಎಸ್‌ಎನ್2 ಎಂಬ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ (ಜೀನ್‌ಗಳನ್ನು ಎಬ್ಬಿಸುವ ಪ್ರೋಟೀನ್) ಮೈಗೆ ಫಾಸ್ಫೇಟ್ ಅಂಟಿಸಿಕೊಂಡು ಕೋಶಕೇಂದ್ರದ ಹೊರಗೇ ಇರುತ್ತದೆ. ಬಿಸಿ, ಉಪ್ಪು, ಹಸಿವು ಯಾವುದು ತಾಗಿದರೂ ಕೆಲವೇ ನಿಮಿಷಗಳಲ್ಲಿ ಒಳಹೊಕ್ಕು, ಡಿಎನ್ಎಯಲ್ಲಿ ಎಜಿಜಿಜಿಜಿ ಎಂಬ ಐದಕ್ಷರ ಇರುವಲ್ಲಿ ಕುಳಿತು, ರಕ್ಷಣೆಯ ಜೀನ್‌ಗಳನ್ನು ಎಬ್ಬಿಸುತ್ತದೆ. ಟ್ರೆಹಲೋಸ್ ತಯಾರಿಸುವ ಜೀನ್‌ಗಳೂ ಅದರಲ್ಲಿ ಸೇರಿವೆ.

ಅದರ ಜೊತೆಗಾರ, ಇಂಥದೇ ಇನ್ನೊಂದು ಪ್ರೋಟೀನ್ ಎಚ್‌ಎಸ್‌ಎಫ್1ನ ಉಪಾಯ ನನಗೆ ಇನ್ನೂ ಹೆಚ್ಚು ಇಷ್ಟ. ಸಾಮಾನ್ಯ ದಿನಗಳಲ್ಲಿ ಅದನ್ನು ಎಚ್‌ಎಸ್‌ಪಿ70 ಎಂಬ ಪ್ರೋಟೀನ್ ಹಿಡಿದಿಟ್ಟುಕೊಂಡಿರುತ್ತದೆ. ಬಿಸಿಗೆ ಬೇರೆ ಪ್ರೋಟೀನ್‌ಗಳ ಮಡಿಕೆ ಕೆಟ್ಟರೆ ಕಾವಲುಗಾರ ಅತ್ತ ರಿಪೇರಿಗೆ ಓಡುತ್ತಾನೆ, ಕೈದಿ ಬಿಡುಗಡೆಯಾಗುತ್ತಾನೆ. ಬಿಡುಗಡೆಯಾದವನು ಮಾಡುವ ಕೆಲಸವೋ, ಇನ್ನಷ್ಟು ಕಾವಲುಗಾರರನ್ನು ಹುಟ್ಟಿಸುವುದು! ಅವರು ಸಾಕಷ್ಟಾದಾಗ ಮತ್ತೆ ಸೆರೆ.

ಬುಧವಾರ ನೀರು 56ಕ್ಕೆ ಏರಿ ಎಲ್ಲವೂ ಸತ್ತವು. ಇಟಲಿಯ ವಿಜ್ಞಾನಿ ಫೆರುಚ್ಚೊ ರಿಟೊಸಾ ಅವರ ಅದೃಷ್ಟ ನನ್ನದಲ್ಲ. ಅವರ ಇನ್‌ಕ್ಯುಬೇಟರಿನ ಬಿಸಿಯನ್ನು ಯಾರೋ ಏರಿಸಿದ್ದರಿಂದಲೇ ಹಣ್ಣಿನ ನೊಣದ ವರ್ಣತಂತುಗಳಲ್ಲಿ ಹೊಸ ಉಬ್ಬುಗಳು, ಅಂದರೆ ಬಿಸಿಗೆ ಜೀನ್‌ಗಳು ಎಚ್ಚೆತ್ತ ಗುರುತುಗಳು, ಕಂಡವು. 1962ರಲ್ಲಿ ಅದನ್ನು ಪ್ರಕಟಿಸಿದರು.

ಶುಕ್ರವಾರದ ಫಲಿತಾಂಶ: ಚೈನಾ ಗ್ರಾಸ್ ತಟ್ಟೆಗಳ ಮೇಲೆ, ನೇರವಾಗಿ ಬಿಸಿಗೆ ಬಿದ್ದ ಪಾಲಿನಲ್ಲಿ ಏಳು ಚುಕ್ಕೆ (ಬದುಕುಳಿದ ಒಂದೊಂದು ಕೋಶ ಬೆಳೆದು ಒಂದೊಂದು ಚುಕ್ಕೆ). ಮೊದಲು ಬೆಚ್ಚಗಿಟ್ಟಿದ್ದರಲ್ಲಿ ಎಣಿಸಲಾಗದಷ್ಟು. ಒಂದು ತಟ್ಟೆಗೆ ಬೂಷ್ಟು ಹಿಡಿದದ್ದರಿಂದ ಇದನ್ನು ಇನ್ನೂ ಎರಡು ಸಲ ಮಾಡದೆ ನಂಬುವುದಿಲ್ಲ.

ಎಂಎಸ್‌ಎನ್2 ಎಬ್ಬಿಸುವ ಜೀನ್‌ಗಳಲ್ಲಿ ಕ್ಯಾಟಲೇಸ್‌ನದೂ ಒಂದು; ಹೈಡ್ರೋಜನ್ ಪೆರಾಕ್ಸೈಡನ್ನು ಒಡೆದು ನೊರೆ ಎಬ್ಬಿಸುವ ಕಿಣ್ವ ಅದು. ಔಷಧದಂಗಡಿಯಿಂದ ಹೈಡ್ರೋಜನ್ ಪೆರಾಕ್ಸೈಡ್ ತಂದಿಟ್ಟಿದ್ದೇನೆ. ಲೆಕ್ಕ ಸರಿಯಿದ್ದರೆ ಬೆಚ್ಚಗಿಟ್ಟ ಪಾಲಿನಲ್ಲಿ ನೊರೆ ಹೆಚ್ಚು ಏರಬೇಕು. ಭಾನುವಾರ ಅಳೆಯುತ್ತೇನೆ, ಅಮ್ಮ ಕುಕ್ಕರನ್ನು ಇನ್ನೊಂದು ದಿನ ಬಿಟ್ಟುಕೊಟ್ಟರೆ.