ವಯಸ್ಸಿನ ಲೆಕ್ಕ: ಒಂದೇ ಪ್ರಶ್ನೆಗೆ ಐದು ಉತ್ತರ

ಎಸ್‌ಎಸ್‌ಎಲ್‌ಸಿ ಮಕ್ಕಳ ಪುನರಾವರ್ತನೆ ತರಗತಿ. ಆ ದಿನ ಬೋರ್ಡಿನ ಮೇಲೆ ಇದ್ದದ್ದು ಇಷ್ಟೇ: ‘ತಾಯಿಯ ಈಗಿನ ವಯಸ್ಸು ಮಗಳ ವಯಸ್ಸಿನ 4 ಪಟ್ಟು. 4 ವರ್ಷಗಳ ನಂತರ ತಾಯಿಯ ವಯಸ್ಸು ಮಗಳ ವಯಸ್ಸಿನ 3 ಪಟ್ಟಾಗುತ್ತದೆ. ಇಬ್ಬರ ಈಗಿನ ವಯಸ್ಸೆಷ್ಟು?’ ಸ್ವಲ್ಪ ಹೊತ್ತಿಗೆ ನೋಟ್‌ಬುಕ್ಕುಗಳಲ್ಲಿ ಐದು ಬಗೆಯ ಉತ್ತರ. ಮಗಳಿಗೆ 8, ಮಗಳಿಗೆ 0, ಮಗಳಿಗೆ −4, ಮಗಳಿಗೆ 12. ಐದನೆಯದರಲ್ಲಿ ತಾಯಿಗೆ 8, ಮಗಳಿಗೆ 32! ಸರಿಯಾದದ್ದನ್ನು ಹೇಳಿ ಮುಂದಿನ ಲೆಕ್ಕಕ್ಕೆ ಹೋಗಬಹುದಿತ್ತು. ಆದರೆ ವಯಸ್ಸಿನ ಲೆಕ್ಕದಲ್ಲಿ ತಪ್ಪು ಉತ್ತರವನ್ನು ನೋಡಿದರೇ ಎಡವಿದ್ದು ಎಲ್ಲಿ ಎಂದು ಗೊತ್ತಾಗುತ್ತದೆ. ಹಾಗಾಗಿ ಒಂದೊಂದನ್ನೂ ಹಿಡಿದು ನೋಡಿದೆವು.

ಮೊದಲು ಸರಿಯಾದ ದಾರಿ. ಮಗಳ ಈಗಿನ ವಯಸ್ಸು ‘ಮ’ ಇರಲಿ. ಎಕ್ಸ್ ಎಂದೇ ಬರೆಯಬೇಕೆಂದಿಲ್ಲ. ಯಾವ ಅಕ್ಷರವಾದರೂ ನಡೆಯುತ್ತದೆ, ಆದರೆ ಅದು ಯಾರ ವಯಸ್ಸು, ಯಾವ ಕಾಲದ ವಯಸ್ಸು ಎರಡನ್ನೂ ಮೊದಲ ಸಾಲಿನಲ್ಲೇ ಬರೆಯಬೇಕು. ‘ಮ = ಮಗಳು’ ಎಂದರೆ ಸಾಲದು. ಆಮೇಲೆ ಚಿಕ್ಕದೊಂದು ಕೋಷ್ಟಕ: ಅಡ್ಡಸಾಲಿಗೆ ಒಬ್ಬರು, ಕಂಬಸಾಲಿಗೆ ಒಂದು ಕಾಲ. ‘ಈಗ’ ಎಂಬ ಕಂಬದಲ್ಲಿ ಮಗಳಿಗೆ ಮ, ತಾಯಿಗೆ 4ಮ. ‘4 ವರ್ಷದ ನಂತರ’ ಎಂಬ ಕಂಬದಲ್ಲಿ ಮ + 4 ಮತ್ತು 4ಮ + 4. ಪ್ರಶ್ನೆಯ ಎರಡನೆಯ ವಾಕ್ಯ ಎರಡನೆಯ ಕಂಬಕ್ಕೆ ಸೇರಿದ್ದು, ಆದ್ದರಿಂದ ಸಮೀಕರಣವನ್ನು ಆ ಕಂಬದಿಂದಲೇ ಎತ್ತಿಕೊಳ್ಳಬೇಕು: 4ಮ + 4 = 3(ಮ + 4). ಬಿಡಿಸಿದರೆ 4ಮ + 4 = 3ಮ + 12, ಮ = 8. ತಾಯಿಗೆ 32.

ಈಗ ತಪ್ಪುಗಳು. ಸೊನ್ನೆ ಬಂದವರು ಆವರಣ ಹಾಕಿರಲಿಲ್ಲ. 4ಮ + 4 = 3ಮ + 4 ಎಂದು ಬರೆದರೆ 4 ಎರಡೂ ಕಡೆ ಹೊಡೆದುಹೋಗಿ ಮ = 0 ಆಗುತ್ತದೆ. ಮೂರು ಪಟ್ಟಾಗಬೇಕಾದದ್ದು ಮಗಳ ಮುಂದಿನ ವಯಸ್ಸು ಇಡಿಯಾಗಿ, ಅದರ ಒಂದು ತುಂಡಲ್ಲ. −4 ಬಂದವರು ತಾಯಿಗೆ ಮಾತ್ರ ನಾಲ್ಕು ವರ್ಷ ಕೂಡಿಸಿ, ಮಗಳನ್ನು ಈಗಿನ ವಯಸ್ಸಿನಲ್ಲೇ ನಿಲ್ಲಿಸಿದ್ದರು: 4ಮ + 4 = 3ಮ. ಇವೆರಡೂ ಅಷ್ಟು ಅಪಾಯದ ತಪ್ಪುಗಳಲ್ಲ, ಉತ್ತರ ನೋಡಿದ ಕೂಡಲೇ ಮಗುವಿಗೇ ಅನುಮಾನ ಬರುತ್ತದೆ.

ಅಪಾಯದ್ದು 12. ಮಗಳಿಗೆ ಮಾತ್ರ ಕೂಡಿಸಿ 4ಮ = 3(ಮ + 4) ಎಂದು ಬರೆದಾಗ ಬರುವ ಸಂಖ್ಯೆ ಇದು. ಮಗಳಿಗೆ 12, ತಾಯಿಗೆ 48, ನೋಡಲು ಏನೂ ಕೊರತೆಯಿಲ್ಲ. ಅದನ್ನು ಬರೆದವರು ತಾಳೆಯನ್ನೂ ನೋಡಿದ್ದರು, ಆದರೆ ತಾವು ಬರೆದ ಸಮೀಕರಣಕ್ಕೆ ಹಾಕಿ ನೋಡಿದ್ದರು. 48 = 3 × 16, ಸರಿಯಾಗಿಯೇ ಇದೆ! ಸಮೀಕರಣವೇ ತಪ್ಪಿದ್ದಾಗ ಅದಕ್ಕೆ ಹಾಕಿ ನೋಡಿ ಪ್ರಯೋಜನವಿಲ್ಲ. ತಾಳೆ ನೋಡಬೇಕಾದದ್ದು ಪ್ರಶ್ನೆಯ ವಾಕ್ಯದ ಜೊತೆ: ನಾಲ್ಕು ವರ್ಷದ ನಂತರ ತಾಯಿಗೆ 52, ಮಗಳಿಗೆ 16, 16ರ ಮೂರು ಪಟ್ಟು 48. ಸೇರಲಿಲ್ಲ. ವಯಸ್ಸಿನ ಲೆಕ್ಕಗಳಲ್ಲಿ ಒಂದೇ ಒಂದು ಅಭ್ಯಾಸ ಕಲಿಸಲು ಸಮಯವಿದ್ದರೆ ಇದನ್ನೇ ಕಲಿಸಬೇಕು.

ಐದನೆಯ ಉತ್ತರದಲ್ಲಿ ಪಟ್ಟು ತಿರುವುಮುರುವಾಗಿತ್ತು. ‘ತಾಯಿಯ ವಯಸ್ಸು 4 ಪಟ್ಟು’ ಎಂದು ಓದಿದ ಕೂಡಲೇ ತಾಯಿಯ ಪಕ್ಕದಲ್ಲೇ 4 ಬರೆದು, 4 × ತಾಯಿ = ಮಗಳು ಎಂದು ಮಾಡಿಬಿಟ್ಟಿದ್ದಾರೆ. ಗುಣಿಸುವುದು ಯಾವಾಗಲೂ ಚಿಕ್ಕ ವಯಸ್ಸನ್ನು, ಆಗ ದೊಡ್ಡದಕ್ಕೆ ಸಮವಾಗುತ್ತದೆ.

ಎರಡು ಕಾಲಗಳು ಬಂದಾಗ ಇನ್ನೊಂದು ತೊಡಕು. ‘5 ವರ್ಷಗಳ ಹಿಂದೆ ತಂದೆಯ ವಯಸ್ಸು ಮಗನ 7 ಪಟ್ಟು, 5 ವರ್ಷಗಳ ನಂತರ 3 ಪಟ್ಟು.’ ಈಗಿನ ವಯಸ್ಸುಗಳನ್ನು ತ ಮತ್ತು ಮ ಎಂದಿಟ್ಟರೆ ತ − 5 = 7(ಮ − 5), ತ + 5 = 3(ಮ + 5). ಮೊದಲನೆಯದರಿಂದ ತ = 7ಮ − 30. ಎರಡನೆಯದರಲ್ಲಿ ಆದೇಶಿಸಿದರೆ 7ಮ − 25 = 3ಮ + 15, ಮ = 10, ತ = 40. ಮಕ್ಕಳು ಹೆಚ್ಚು ಎಡವುವುದು −5 ಅನ್ನು 7ರಿಂದ ಗುಣಿಸುವಲ್ಲಿ. ಒಂದೇ ಚರಾಕ್ಷರ ಸಾಕೆನ್ನುವವರು ಐದು ವರ್ಷದ ಹಿಂದಿನ ಮಗನ ವಯಸ್ಸನ್ನೇ ಮ ಎಂದಿಡಬಹುದು. ಅಲ್ಲಿಂದ ಮುಂದಿನ ಕಾಲಕ್ಕೆ ಅಂತರ 5 ಅಲ್ಲ, 10: 7ಮ + 10 = 3(ಮ + 10), ಮ = 5. ಇಷ್ಟಕ್ಕೇ ನಿಲ್ಲಿಸಿ ‘ಮಗನಿಗೆ 5’ ಎಂದು ಬರೆದರೆ ಅಂಕ ಹೋಯಿತು. 5 ಕೂಡಿಸಿ 10 ಎನ್ನಬೇಕು.

ಬಾಯಲ್ಲೇ ತಾಳೆ ನೋಡಲು ಇದಕ್ಕಿಂತ ಚೆಂದದ ದಾರಿಯಿದೆ. ಪಟ್ಟು ವರ್ಷ ವರ್ಷಕ್ಕೂ ಬದಲಾಗುತ್ತದೆ, ಇಬ್ಬರ ನಡುವಿನ ವ್ಯತ್ಯಾಸ ಎಂದಿಗೂ ಬದಲಾಗದು. 7 ಪಟ್ಟಿದ್ದಾಗ ವ್ಯತ್ಯಾಸ ಮಗನ ಆಗಿನ ವಯಸ್ಸಿನ 6 ಪಟ್ಟು, 3 ಪಟ್ಟಾದಾಗ ಅದೇ ವ್ಯತ್ಯಾಸ ಅವನ ವಯಸ್ಸಿನ 2 ಪಟ್ಟು. ಅಂದರೆ ಮಗನ ವಯಸ್ಸು ಅಷ್ಟರಲ್ಲಿ ಮೂರು ಪಟ್ಟಾಗಿದೆ, ಕಳೆದದ್ದು 10 ವರ್ಷ. ಹಾಗಿದ್ದರೆ 5 ಇದ್ದದ್ದು 15 ಆಗಿದೆ.

ವರ್ಗಸಮೀಕರಣದ ಲೆಕ್ಕ ಒಂದನ್ನೇ ಮಾಡಿದೆವು. ಅಣ್ಣ ತಮ್ಮನಿಗಿಂತ 3 ವರ್ಷ ದೊಡ್ಡವನು, 2 ವರ್ಷದ ಹಿಂದೆ ಇಬ್ಬರ ವಯಸ್ಸಿನ ಗುಣಲಬ್ಧ 54. ತಮ್ಮನಿಗೆ ಈಗ ಮ ಆದರೆ (ಮ − 2)(ಮ + 1) = 54. ಬಲಗಡೆ 54 ಇರುವಾಗಲೇ ಒಂದೊಂದು ಅಪವರ್ತನವನ್ನು 54ಕ್ಕೆ ಸಮ ಮಾಡುವವರಿದ್ದಾರೆ, ಅದು ಸಲ್ಲದು. ಮೊದಲು ಬಲಗಡೆ ಸೊನ್ನೆಯಾಗಬೇಕು: ಮ² − ಮ − 56 = 0, ಮೂಲಗಳು 8 ಮತ್ತು −7. ತಮ್ಮನಿಗೆ 8, ಅಣ್ಣನಿಗೆ 11. −7 ಕೂಡ ಸಮೀಕರಣಕ್ಕೆ ಒಪ್ಪುತ್ತದೆ, (−9) × (−6) = 54 ತಾನೆ! ಅದನ್ನು ಬಿಡುವುದು ಪ್ರಶ್ನೆ ವಯಸ್ಸಿನದ್ದು ಎಂಬ ಕಾರಣಕ್ಕೆ. ‘ವಯಸ್ಸು ಋಣವಾಗಿರಲಾರದು’ ಎಂಬ ಸಾಲನ್ನು ಬರೆದೇ ಬಿಡಬೇಕು.

ಆ ಸಾಲನ್ನು ಬಾಯಿಪಾಠ ಮಾಡಿಕೊಂಡವರಿಗಾಗಿ ಕೊನೆಗೊಂದು ಲೆಕ್ಕ ಕೊಟ್ಟೆವು: ತಂದೆಗೆ 40, ಮಗನಿಗೆ 14. ಎಷ್ಟು ವರ್ಷದಲ್ಲಿ ತಂದೆಯ ವಯಸ್ಸು ಮಗನ 3 ಪಟ್ಟು? ವರ್ಷಗಳನ್ನು ವ ಎಂದಿಟ್ಟರೆ 40 + ವ = 3(14 + ವ), ವ = −1. ತರಗತಿಯ ಅರ್ಧಕ್ಕರ್ಧ ಮಂದಿ ‘ಉತ್ತರವಿಲ್ಲ’ ಎಂದು ಬರೆದರು. ಆದರೆ ಇಲ್ಲಿ ವ ಯಾರ ವಯಸ್ಸೂ ಅಲ್ಲ, ಈಗಿನಿಂದ ಎಣಿಸಿದ ವರ್ಷಗಳು. ಋಣ ಬಂದರೆ ಹಿಂದಕ್ಕೆ ಎಣಿಸಬೇಕು ಎಂದರ್ಥ: ಒಂದು ವರ್ಷದ ಹಿಂದೆ ತಂದೆಗೆ 39, ಮಗನಿಗೆ 13. ಇನ್ನು ಮುಂದೆ ಮೂರು ಪಟ್ಟಾಗುವ ದಿನ ಬರುವುದಿಲ್ಲ, ಅದು ಆಗಲೇ ಕಳೆದುಹೋಗಿದೆ.