ಕೆಂಪು ಬಣ್ಣದ ಕೆಳಗೊಂದು ನಂಬರು

ಹಳೇ ಮಿಲಿಟರಿ ಜೀಪ್ ಕೈಗೆ ಸಿಕ್ಕಿದ್ದೇ ತಡ, ಜನ ಅದನ್ನು ತಗಡು ಕಾಣುವವರೆಗೆ ಕೆರೆಸಿ, ಪುಟ್ಟಿ ಮೆತ್ತಿಸಿ, ಮಿರಮಿರ ಹೊಳೆಯುವ ಹಸಿರು ಹೊಡೆಸುತ್ತಾರೆ. ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಎರಡನೇ ಮಹಾಯುದ್ಧದ ಕಾಲದ ಬಣ್ಣಕ್ಕೆ ಹೊಳಪೇ ಇರಲಿಲ್ಲ. ಬಿಸಿಲಿಗೆ ಮಿಂಚಿದರೆ ವಿಮಾನದಲ್ಲಿರುವವನಿಗೆ ಕಾಣುತ್ತದೆ, ಅಲ್ವಾ?

ನಮ್ಮದು ಸಕಲೇಶಪುರ ಕಡೆಯ ಕಾಫಿ ತೋಟದಿಂದ ಬಂದ ಜೀಪ್. ಚಾಸಿಯ, ಅಂದರೆ ಅಡಿಯ ಚೌಕಟ್ಟಿನ, ಮುಂದಿನ ಅಡ್ಡಪಟ್ಟಿ ಆಗ ಜೀಪ್ ಮಾಡುತ್ತಿದ್ದ ಇನ್ನೊಂದು ಕಂಪನಿ ವಿಲ್ಲಿಸ್‌ನದರಂತೆ ದುಂಡು ಪೈಪಲ್ಲ. ಬೋಲ್ಟ್ ತಲೆಗಳ ಮೇಲೆ ‘ಎಫ್’ ಅಕ್ಷರ. ಹಾಗಾಗಿ ಇದು ಫೋರ್ಡ್ ಕಂಪನಿ ಮಾಡಿದ ಜೀಪ್, ಜಿಪಿಡಬ್ಲ್ಯೂ. ಮೇಲೆ ಕೆಂಪು, ಅದರಡಿ ಕ್ರೀಮ್. ಕಲಾಸಿಪಾಳ್ಯದ ಪೇಂಟರ್ ಬಾನೆಟ್ ಸವರಿ ನೋಡಿ, “ಪೂರ್ತಿ ಕೆರೆದು ಹೊಸದು ಮಾಡಿಕೊಡ್ತೀನಿ ಸಾರ್” ಅಂದ. ಬೇಡಪ್ಪಾ ಅಂದೆ.

ಕೆರೆಯುವ ಮೊದಲು ರಾತ್ರಿ ಲೈಟ್ ಆರಿಸಿ, ಟಾರ್ಚನ್ನು ಬಾನೆಟ್ ಪಕ್ಕಕ್ಕೆ ಒರಗಿಸಿ ಹಿಡಿಯಬೇಕು. ಸೇನೆಯವರು ಬಾನೆಟ್ ಮೇಲೆ ಬರೆದ ಹಳೇ ಅಂಕಿಗಳ ಅಂಚು ಉಬ್ಬಿರುತ್ತದೆ, ಸಣ್ಣ ನೆರಳು ಬೀಳುತ್ತದೆ. ಎಲ್ಲಿ ಕೈ ಹಾಕಬೇಕೆಂದು ಆಗ ಗೊತ್ತಾಗುತ್ತದೆ. ನಮ್ಮ ಕೆಂಪು ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಆಗಿದ್ದರಿಂದ ಥಿನ್ನರ್ ಬಟ್ಟೆಗೆ ಕರಗಿ ಬಂತು. ಕೆಳಗಿನ ಎನಾಮಲ್ ಅಷ್ಟು ಬೇಗ ಕರಗುವುದಿಲ್ಲ, ಆದರೂ ಬಟ್ಟೆಯನ್ನು ಅಲ್ಲೇ ಬಿಟ್ಟು ಕಾಫಿಗೆ ಹೋಗಬಾರದು! ಕ್ರೀಮ್ ತೆಗೆಯಲು 800ರ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ನಯವಾದ ಉಪ್ಪುಕಾಗದ), ಸೋಪು ನೀರು. ಒಣಗಿದ್ದನ್ನು ಉಜ್ಜಲೇಬೇಡಿ. ಆ ಕಾಲದ ಬಣ್ಣದಲ್ಲಿ ಸೀಸ ಇರುತ್ತದೆ, ಧೂಳು ಎದೆಗೆ ಹೋಗುತ್ತದೆ.

ಮೊದಲು ಕಂಡಿದ್ದು 2, ಆಮೇಲೆ 0. ಅಮೆರಿಕದ ಸೇನೆ ಜೀಪುಗಳಿಗೆ ಕೊಟ್ಟ ನಂಬರು 20ರಿಂದಲೇ ಶುರು. ಅಂಕಿಗಳು ಬಿಳಿ ಅಲ್ಲ, ಮಂಕು ನೀಲಿ. ಮೊದಮೊದಲು ಹಾಗೇ ಬರೆಯುತ್ತಿದ್ದರು, ದೂರಕ್ಕೆ ಕಾಣಬಾರದು ಅಂತ. ಕೊನೆಯಲ್ಲೊಂದು ‘ಎಸ್’. ಇಂಜಿನ್ನಿನ ಕಿಡಿ ರೇಡಿಯೋಗೆ ಗರಗರ ಸದ್ದು ತರದಂತೆ ಮಾಡಿದ ಗಾಡಿ ಅಂತ ಅದರ ಅರ್ಥ.

ಬಂಪರ್ ಮೇಲೆ ಇನ್ನೊಂದು ಪದರದ ಹಸಿರು, ಅದರಲ್ಲಿ ಮೇಲಕ್ಕೆ ನೋಡುವ ಬಿಳಿ ಬಾಣ. ನಮ್ಮ ಸೇನೆಯ ಗಾಡಿಗಳ ನಂಬರಿಗೆ ಮುಂದೆ ಇರುತ್ತದಲ್ಲ, ಅದೇ. ತಗಡಿನವರೆಗೆ ಕೆರೆಸಿದ್ದರೆ ಎರಡೂ ಸೇನೆಗಳ ಗುರುತೂ ಒಂದೇ ಮಧ್ಯಾಹ್ನದಲ್ಲಿ ಮೋರಿ ಸೇರುತ್ತಿತ್ತು.

ಇನ್ನು ತಮಾಷೆ ಕೇಳಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ರಕ್ಷಣಾ ಇಲಾಖೆಯದಲ್ಲದ ಗಾಡಿಗೆ ಆಲಿವ್ ಹಸಿರು ಬಣ್ಣ ಇರುವಂತಿಲ್ಲ. ಆರ್‌ಸಿಯಲ್ಲಿ ನಮ್ಮದು ಕೆಂಪು. ಬಾನೆಟ್ಟನ್ನೆಲ್ಲ ಹಸಿರು ಮಾಡಿಕೊಂಡು ರಿಚ್ಮಂಡ್ ಸರ್ಕಲ್‌ನಲ್ಲಿ ಪೊಲೀಸರಿಗೆ ಇತಿಹಾಸ ಪಾಠ ಮಾಡುವಷ್ಟು ಪುರುಸೊತ್ತು ನನಗಿಲ್ಲ. ಅದಕ್ಕೇ ಶಿವಾಜಿನಗರದ ಗುಜರಿಯಲ್ಲಿ ಇನ್ನೊಂದು ಬಾನೆಟ್ ಹುಡುಕಿ ಕೆಂಪು ಹೊಡೆಸಿದ್ದೇನೆ. ಓಡಿಸುವಾಗ ಅದು. ಮೂಲದ್ದು ಗ್ಯಾರೇಜಿನ ಗೋಡೆಗೆ ಹತ್ತಿದೆ. “ಷೋಕೇಸಿಗೆ ಜಾಗ ಇಲ್ಲ ಅಂತಿದ್ರಲ್ಲ” ಎಂದು ಮನೆಯವಳು ಈಗಲೂ ಕೇಳುತ್ತಾಳೆ.